ಬೀದಿಗೆ ಡಾಕ್ಟರನ್ನು ನೇಮಿಸಿದ ಹಾಲಪ್ಪನವರು

ಹಾಲಪ್ಪನವರು ಡಾಕ್ಟರನ್ನು ಕಂಡರೆ ನಮಸ್ಕಾರ ಮಾಡುತ್ತಿರಲಿಲ್ಲ, ನಾಲಿಗೆ ಚಾಚುತ್ತಿದ್ದರು. ಒಮ್ಮೆ ಶಿವಮೊಗ್ಗದ ಗಾಂಧಿ ಬಜಾರಿನ ನಟ್ಟನಡುವೆ, ಸೊಪ್ಪಿನ ಚೀಲ ಹಿಡಿದು ನಿಂತಿದ್ದ ನನ್ನೆದುರು ಕನ್ನಡಕ ಸರಿಮಾಡಿಕೊಂಡು, ಬಾಯಿ ತೆರೆದು, ನಾಲಿಗೆಯನ್ನು ಪೂರ್ತಿಯಾಗಿ ಹೊರಗೆ ಹಾಕಿ ನಿಂತುಬಿಟ್ಟರು. ನಾನು "ಸರಿ ಇದೆ, ಒಳಗೆ ಹಾಕಿ" ಎನ್ನುವವರೆಗೂ ಅಲುಗಾಡಲಿಲ್ಲ. ಹೂವಿನವಳು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಅವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಿಸಲಿಲ್ಲ.

ಅದು ಭದ್ರಾವತಿಯಲ್ಲಿ ಆದ ಅಭ್ಯಾಸ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಡೆ ಅವರು ಮೇಸ್ತ್ರಿಯಾಗಿದ್ದರು. ಮೈ ಬಿಸಿಯಾದರೆ ಕಾರ್ಖಾನೆಯ ಆಸ್ಪತ್ರೆಗೆ ಹೋಗುವುದು, ಸಾಲಿನಲ್ಲಿ ನಿಲ್ಲುವುದು, ನಾಲಿಗೆ ತೋರಿಸುವುದು, ಮನೆಯಿಂದ ತಂದ ಬಾಟಲಿಗೆ ಔಷಧಿ ಹಾಕಿಸಿಕೊಂಡು ಬರುವುದು. ಹಿಂದಿನವರಿಗೆ ತಡವಾಗಬಾರದೆಂದು ಬಾಗಿಲ ಹೊರಗೇ ನಾಲಿಗೆಯನ್ನು ಸಿದ್ಧಪಡಿಸಿಕೊಳ್ಳುವುದು ಅವರ ಪ್ರಕಾರ ಶಿಸ್ತು. ಯೌವನದಿಂದ ನಿವೃತ್ತಿಯವರೆಗೆ ಹೀಗೇ ನಡೆದಿತ್ತು. ನಿವೃತ್ತರಾದ ಮೇಲೆ ಆ ಆಸ್ಪತ್ರೆಯೂ ಕ್ವಾರ್ಟರ್ಸೂ ತಪ್ಪಿ, ಹೆಂಡತಿ ನೀಲಮ್ಮನವರ ಜೊತೆ ಶಿವಮೊಗ್ಗದ ನಮ್ಮ ಬೀದಿಗೆ ಬಂದರು. ಕಾಯಿಲೆಗೆ ದುಡ್ಡು ಕೊಡಬೇಕಾಗುತ್ತದೆ ಎಂಬ ಸಂಗತಿ ಅವರಿಗೆ ಆ ವಯಸ್ಸಿನಲ್ಲಿ ಗೊತ್ತಾಯಿತು. ತಿಳಿಸಿದವಳು ನಾನು.

ನಾನು ಆಗ ಹೊಸ ಡಾಕ್ಟರು. ಓದು ಮುಗಿಸಿ ಬಂದು, ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು ದವಾಖಾನೆ ತೆರೆದಿದ್ದೆ. ಹೆಣ್ಣು ಡಾಕ್ಟರೆಂದರೆ ಹೆರಿಗೆಗೆ ಮಾತ್ರ ಎಂದು ಬೀದಿಯ ಗಂಡಸರು ತೀರ್ಮಾನ ಮಾಡಿಕೊಂಡಿದ್ದ ಕಾಲ. ನನ್ನ ಹೊಸ್ತಿಲು ದಾಟಿದ ಮೊದಲ ಗಂಡಸು ಹಾಲಪ್ಪನವರು. ನಾಲಿಗೆ ಮೊದಲು ಬಂತು, ಅವರು ಆಮೇಲೆ ಬಂದರು. ಸಾಧಾರಣ ಶೀತಜ್ವರ. ಔಷಧಿ ಬೆರೆಸಿ ಅವರ ಬಾಟಲಿಗೆ ತುಂಬಿಸಿ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

"ಫೀಸು..." ಎಂದೆ. ಆ ಮಾತು ಆಡಲು ನನಗೆ ಇನ್ನೂ ನಾಚಿಕೆ.

"ಏನಂದ್ರಿ?"

"ನೋಡಿದ್ದಕ್ಕೆ, ಔಷಧಿಗೆ... ಎರಡು ರೂಪಾಯಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಜ್ವರ ಬಂದಿರೋದು ನನಗೆ ತಾಯಿ. ಮೈಕೈ ನೋವು ತಿಂದೋನೂ ನಾನೇ. ಮೇಲಿಂದ ದಂಡಾನೂ ನಾನೇ ಕಟ್ಬೇಕಾ? ಕಳ್ತನ ಮಾಡಿದ್ದೀನಾ?"

ಕೊಟ್ಟರು, ನಿಜ, ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿಕೊಂಡು ಕೊಟ್ಟರು. ಜ್ವರ ಬಿಟ್ಟ ಮೇಲೆ, ಗಟ್ಟಿಯಾಗಿ ಮಾತಾಡುವಷ್ಟು ತ್ರಾಣ ಬಂದೊಡನೆ, ವಾದಕ್ಕೆ ಹಾಜರಾದರು.

"ನಮ್ಮ ಕಾರ್ಖಾನೇಲಿ ದೊಡ್ಡ ಸಾಹೇಬ್ರ ಜ್ವರಕ್ಕೂ ಕುಲುಮೆ ಮುಂದೆ ಬೇಯೋ ಮುನಿಸಾಮಿ ಜ್ವರಕ್ಕೂ ಒಂದೇ ಬಾಟ್ಲಿ, ಗೊತ್ತಾ ನಿಮಗೆ?"

"ಆ ಬಾಟ್ಲಿಗೂ ಯಾರೋ ದುಡ್ಡು ಕೊಟ್ಟಿರ್ತಾರೆ ಹಾಲಪ್ಪನವ್ರೇ."

"ಯಾರೋ ಅಲ್ಲ, ಎಲ್ಲಾರೂ. ನಾವು ದುಡಿದಿದ್ರಲ್ಲೇ ಅದೂ ಹೋಗೋದು. ಎಲ್ಲಾರೂ ಕೊಟ್ರೆ ಚಿಟಿಕೆ, ಒಬ್ಬನೇ ಕೊಟ್ರೆ ಕುತ್ತಿಗೆ."

ಈ ಮಾತನ್ನು ಅವರು ಮುಂದೆ ಎಷ್ಟು ಸಲ ಹೇಳಿದರೆಂದರೆ, ಬೀದಿಯಲ್ಲಿ ಅವರು "ಎಲ್ಲಾರೂ" ಎಂದು ಬಾಯಿ ತೆರೆದರೆ ಸಾಕು, ಉಳಿದದ್ದನ್ನು ನೀಲಮ್ಮನವರು ಒಳಗಿನಿಂದಲೇ ಪೂರೈಸುತ್ತಿದ್ದರು, "ಕುತ್ತಿಗೆ ಕುತ್ತಿಗೆ, ಬಂದು ಊಟ ಮಾಡಿ" ಎಂದು.

ಅವರ ಯೋಜನೆ ಇಷ್ಟೇ. ಬೀದಿಯ ಪ್ರತಿಯೊಂದು ಮನೆಯೂ, ಕಾಯಿಲೆ ಇರಲಿ ಬಿಡಲಿ, ತಿಂಗಳಿಗೆ ತನ್ನ ಶಕ್ತಿಗೆ ತಕ್ಕಷ್ಟು ಒಂದು ಡಬ್ಬಿಗೆ ಹಾಕಬೇಕು. ಆ ಡಬ್ಬಿಯಿಂದ ನನಗೆ ಸಂಬಳ, ಔಷಧಿಗೆ ಖರ್ಚು. ದವಾಖಾನೆಗೆ ಬಂದವರು ಜೇಬಿಗೆ ಕೈ ಹಾಕುವಂತಿಲ್ಲ. ಡಬ್ಬಿ ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಒಕ್ಕೊರಲಿನಿಂದ ನೀಲಮ್ಮನವರ ಹೆಸರು ಹೇಳಿದರು. ಹಾಲಪ್ಪನವರ ಲೆಕ್ಕದ ಮೇಲೆ ಬೀದಿಗೆ ಅಷ್ಟು ನಂಬಿಕೆ. ನಾನೂ ಒಪ್ಪಿಕೊಂಡೆ. ಉದಾರತೆಯೇನಲ್ಲ, ಬರುವ ರೋಗಿಗಳೇ ಕಡಿಮೆಯಿದ್ದುದರಿಂದ ತಿಂಗಳ ಕೊನೆಗೆ ಖಚಿತವಾಗಿ ಏನಾದರೂ ಬರುತ್ತದೆಂಬ ಆಸೆ.

ಹಾಲಪ್ಪನವರು ಚಂದಾ ಕೇಳಲು ಮೊದಲು ಹೋದದ್ದು ಅಡಿಕೆ ಮಂಡಿಯ ಗುರುಶಾಂತಪ್ಪನವರ ಬಳಿ. ಅವರು ಬೀದಿಗೇ ದೊಡ್ಡ ಕುಳ.

"ನನಗೆ ಯಾವ ಕಾಯಿಲೆಯೂ ಇಲ್ವಲ್ಲಪ್ಪ," ಎಂದರು ಸಾಹುಕಾರರು.

"ಮನೆಗೆ ಬೆಂಕಿ ಬೀಳ್ದಿದ್ರೂ ಬೀದಿಗೆ ಬಾವಿ ಬೇಡ್ವಾ ಸಾಹುಕಾರ್ರೇ?"

"ಸರಿ, ನಾನು ಐದು ರೂಪಾಯಿ ಕೊಡ್ಬೇಕು, ಹಮಾಲಿ ಎಂಟಾಣೆ ಕೊಡ್ತಾನೆ. ಇಬ್ರಿಗೂ ಅದೇ ಬಾಟ್ಲೀನಾ?"

"ಕೆಮ್ಮು ಒಂದೇ ಅಲ್ವಾ?" ಎಂದರು ಹಾಲಪ್ಪನವರು.

ಬೀದಿಯ ಕೊನೆಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಬಾಷಾ ಸಾಹೇಬರದು ಇನ್ನೊಂದು ತರ್ಕ. "ಗಾಡಿ ಕೆಟ್ಟ ಮೇಲೆ ಗ್ಯಾರೇಜಿಗೆ ಬರ್ತಾರೆ ಮೇಸ್ತ್ರಿ. ಚೆನ್ನಾಗಿ ಓಡೋವಾಗ್ಲೇ ಬಂದು ನನ್ನ ಕೈಗೆ ಪೈಸಾ ಯಾರು ಇಡ್ತಾರೆ ಹೇಳಿ?"

ಹೀಗಾಗಿ ಮೊದಲ ತಿಂಗಳು ಸೇರಿದವರೆಲ್ಲ ಕೆಟ್ಟ ಗಾಡಿಗಳೇ. ಉಬ್ಬಸದವರು, ಸಕ್ಕರೆ ಕಾಯಿಲೆಯವರು, ಎಲ್ಲ ಕಾಯಿಲೆಗಳನ್ನೂ ಒಂದೊಂದಾಗಿ ಸಂಪಾದಿಸಿಕೊಂಡಿದ್ದ ಒಬ್ಬ ನಿವೃತ್ತ ಅಮಲ್ದಾರರು. ಬೀದಿಯ ಕಾಯಿಲೆಯೆಲ್ಲ ನನ್ನ ಬೆಂಚಿನ ಮೇಲೆ, ಬೀದಿಯ ಆರೋಗ್ಯವೆಲ್ಲ ಹೊರಗೆ. ಡಬ್ಬಿಯ ತಳ ಕಂಡಿತು. ನಾನು ಹಾಲಪ್ಪನವರನ್ನು ಕರೆದು, "ಗಟ್ಟಿಮುಟ್ಟಾಗಿರೋರನ್ನ ಕರ್ಕೊಂಡು ಬನ್ನಿ, ಇಲ್ಲಾಂದ್ರೆ ನಾನು ಬಾಗಿಲು ಹಾಕ್ತೀನಿ," ಎಂದೆ.

ಆಗ ನೋಡಬೇಕಿತ್ತು ಅವರನ್ನು. ಹೆಣ್ಣಿಗೆ ಗಂಡು ಹುಡುಕುವವರಂತೆ ಆರೋಗ್ಯವಂತರನ್ನು ಹುಡುಕುತ್ತ ಬೀದಿ ಸುತ್ತಿದರು. ಯಾರಾದರೂ ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದರೆ ಸಾಕು, ಹಿಂದೆ ಬೀಳುತ್ತಿದ್ದರು. ಒಂದು ಬೆಳಿಗ್ಗೆ ಗರಡಿಮನೆಯಿಂದ ಪೈಲ್ವಾನ್ ನಿಂಗಪ್ಪನನ್ನು ಹಿಡಿದು ತಂದು ನನ್ನೆದುರು ನಿಲ್ಲಿಸಿ, ದನದ ಸಂತೆಯಲ್ಲಿ ಹೋರಿ ತೋರಿಸುವವರ ಹಾಗೆ ಅವನ ಬೆನ್ನು ತಟ್ಟಿದರು.

"ಇವ್ನಿಗೆ ಹುಟ್ಟಿದಾಗಿಂದ ನೆಗಡೀನೂ ಆಗಿಲ್ಲ ಡಾಕ್ಟ್ರಮ್ಮ. ಹಲ್ಲು ತೋರ್ಸೋ ನಿಂಗ."

ಬಾಷಾ ಸಾಹೇಬರನ್ನೂ ಹಾಗೆಯೇ ಒಲಿಸಿಕೊಂಡರು. ಲಾರಿಯ ಚಕ್ರವನ್ನು ಒಬ್ಬರೇ ಎತ್ತಿ ಗೋಡೆಗೆ ಒರಗಿಸುತ್ತಿದ್ದ ಆಳು ಅವರು. ದಿನಾ ಸಂಜೆ ಹಾಲಪ್ಪನವರು ಗ್ಯಾರೇಜಿನ ಮುಂದೆ ಕೂತು, ಚಹಾ ಕುಡಿದು, ಕುತ್ತಿಗೆಯ ಮಾತು ಹೇಳಿದ್ದೇ ಹೇಳಿದ್ದು, ಕೊನೆಗೆ ಸಾಹೇಬರು "ತೌಬಾ! ತಗೊಳ್ಳಿ ಮೇಸ್ತ್ರಿ, ನನ್ನ ಕಿವಿ ಬಿಡಿ" ಎಂದು ಸೇರಿಕೊಂಡರು. ಪೈಲ್ವಾನನೂ ಬಾಷಾ ಸಾಹೇಬರೂ ಸೇರಿದ್ದನ್ನು ಕಂಡು ಇನ್ನಷ್ಟು ಜನ ಸೇರಿದರು. ಮರ್ಯಾದೆಗೆ ಅಂಜಿ ಗುರುಶಾಂತಪ್ಪನವರೂ ಸೇರಿದರು.

ಆರೋಗ್ಯವಂತರನ್ನು ಸೇರಿಸಿದರೆ ಅವರು ಮನೆಯಲ್ಲಿರುತ್ತಾರೆಂದು ನಾವಿಬ್ಬರೂ ಎಣಿಸಿದ್ದು ತಪ್ಪಾಯಿತು. ನಿಂಗಪ್ಪ ಬೆಳಿಗ್ಗೆ ಸಾಮು ಮುಗಿಸಿ ನೇರ ಬರುತ್ತಿದ್ದ. "ದುಡ್ಡು ಕೊಟ್ಟಿದ್ದೀನಲ್ಲ ಡಾಕ್ಟ್ರಮ್ಮ, ಒಂದು ಸೂಜಿ ಹಾಕ್ಬಿಡಿ, ಶಕ್ತಿ ಬರ್ಲಿ." ಗುರುಶಾಂತಪ್ಪನವರ ಮನೆಯಿಂದ ವಾರಕ್ಕೊಂದು ಟಾನಿಕ್ಕಿನ ಬಾಟಲಿಗೆ ಹೇಳಿಕಳುಹಿಸುತ್ತಿದ್ದರು, ಕೊಟ್ಟ ಐದು ರೂಪಾಯಿ ವಸೂಲಾಗಬೇಕಲ್ಲ. ಇದನ್ನು ತಡೆಯಲು ಹಾಲಪ್ಪನವರು ನನ್ನ ಬಾಗಿಲ ಹೊರಗಿನ ಬೆಂಚಿನಲ್ಲಿ ಕುಳಿತು ತಾವೇ ಪರೀಕ್ಷೆ ಶುರುಮಾಡಿದರು. ನಾಲಿಗೆ ನೋಡುವುದು, "ಏನಿಲ್ಲ, ನೀಲಮ್ಮನ ಹತ್ರ ಹೋಗಿ ಕಷಾಯ ಕುಡಿ" ಎಂದು ವಾಪಸು ಕಳಿಸುವುದು. ನೀಲಮ್ಮನವರ ಮೆಣಸಿನ ಕಷಾಯಕ್ಕೆ ಹೆದರಿ ಅರ್ಧ ಕಾಯಿಲೆಗಳು ತಾವಾಗಿಯೇ ಗುಣವಾದವು.

ಆದರೆ ಒಂದು ದಿನ ನಿಂಗಪ್ಪ ಕಂಬಳಿ ಹೊದ್ದು ಬಂದ. ಹಾಲಪ್ಪನವರು ನೋಡಿದವರೇ, "ಮತ್ತೆ ಬಂದ್ಯಾ? ಸೂಜಿ ಹುಚ್ಚು ನಿಂಗೆ, ನಡಿ" ಎಂದು ಅಟ್ಟಿದರು. ಸಂಜೆ ಹೊತ್ತಿಗೆ ಅವನಿಗೆ ಮಲೇರಿಯಾದ ಚಳಿ ಏರಿ, ಗರಡಿಮನೆಯ ಬಾಗಿಲು ಕೂಡ ಅದುರುವಂತೆ ನಡುಗುತ್ತಿದ್ದನಂತೆ. ಹಾಲಪ್ಪನವರೇ ಓಡಿ ಬಂದು ನನ್ನನ್ನು ಕರೆದುಕೊಂಡು ಹೋದರು. ನಾನು ಔಷಧಿ ಕೊಡುವಾಗ ಅವರು ಅವನ ಕಾಲು ಒತ್ತುತ್ತ ಕುಳಿತಿದ್ದರು. ಮಾರನೆಯ ದಿನ ಬೆಂಚು ಖಾಲಿ.

"ಎರಕ ಹೊಯ್ಯೋನು ನಾನು," ಎಂದರು ಆಮೇಲೆ. "ಬೆಂದಿದ್ಯೋ ಇಲ್ವೋ ಅಂತ ಕಬ್ಬಿಣ ನೋಡಿ ಹೇಳ್ಬಲ್ಲೆ. ಮನುಷ್ಯನ್ನ ನೋಡಿ ಹೇಳಕ್ಕಾಗಲ್ಲ. ಬರೋರು ಬರ್ಲಿ, ನೀವೇ ನೋಡಿ ಬಯ್ದು ಕಳ್ಸಿ."

ಹೀಗೆ ಕುಂಟುತ್ತ, ನಗಿಸುತ್ತ ನಡೆದಿದ್ದ ಡಬ್ಬಿಗೆ ನಿಜವಾದ ಪರೀಕ್ಷೆ ತಂದವರು ಬಾಷಾ ಸಾಹೇಬರು. ಮಳೆಗಾಲಕ್ಕೆ ಮುಂಚೆ ಅವರು ಕೆಮ್ಮುವುದನ್ನು ನಾನು ಕೇಳಿದೆ. ಬೀಡಿಯ ಕೆಮ್ಮು ಎಂದರು. ತೂಕ ಇಳಿದಿತ್ತು, ಸಂಜೆ ಜ್ವರ ಬರುತ್ತಿತ್ತು. ದೊಡ್ಡಾಸ್ಪತ್ರೆಗೆ ಕಳಿಸಿ ಎಕ್ಸ್‌ರೇ ತೆಗೆಸಿದೆ. ಕ್ಷಯ. ಮನೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಮಾಡಬಹುದು, ಆದರೆ ತಿಂಗಳುಗಟ್ಟಲೆ ಚುಚ್ಚುಮದ್ದು, ಮಾತ್ರೆ, ಒಳ್ಳೆಯ ಊಟ, ಜೊತೆಗೆ ವಿಶ್ರಾಂತಿ. ಆ ಔಷಧಿಗಳ ಬೆಲೆ ಆಗ ಸಾಮಾನ್ಯರು ಮುಟ್ಟುವಂಥದ್ದಲ್ಲ.

ಸುದ್ದಿ ಕೇಳಿ ಹಾಲಪ್ಪನವರು ಗ್ಯಾರೇಜಿಗೆ ಬಂದರು. ನಾನೂ ಅಲ್ಲೇ ಇದ್ದೆ. ಬಾಷಾ ಸಾಹೇಬರು ತಲೆ ಎತ್ತಲಿಲ್ಲ. "ನನ್ನಿಂದ ಬೀದಿ ಬರ್ಬಾದ್ ಆಗೋದು ಬೇಡ ಮೇಸ್ತ್ರಿ. ನನ್ನ ಹೆಸರು ತೆಗ್ದುಬಿಡಿ. ಗ್ಯಾರೇಜ್ ಮಾರ್ತೀನಿ."

ಹಾಲಪ್ಪನವರು ಅವರ ಪಕ್ಕದಲ್ಲೇ ಹಳೆಯ ಟೈರಿನ ಮೇಲೆ ಕುಳಿತರು. "ಅಲ್ಲ ಮಾರಾಯ್ರೇ, ಗಟ್ಟಿ ಆಸಾಮಿ ಅಂತ ಸೇರಿಸ್ಕೊಂಡ್ರೆ ನನಗೇ ಟೋಪಿ ಹಾಕಿದ್ರಲ್ಲ!"

ಬಾಷಾ ಸಾಹೇಬರು ನಕ್ಕರು. ನಗು ಕೆಮ್ಮಿಗೆ ತಿರುಗಿತು, ಕೆಮ್ಮು ನಿಲ್ಲಲಿಲ್ಲ. ಹಾಲಪ್ಪನವರು ಅವರ ಬೆನ್ನು ಸವರುತ್ತಿದ್ದರು.

ಸಂಜೆ ಹಾಲಪ್ಪನವರ ಜಗಲಿಯಲ್ಲಿ ಬೀದಿ ಸೇರಿತು. ಗುರುಶಾಂತಪ್ಪನವರು ನೇರವಾಗಿಯೇ ಹೇಳಿದರು. "ನನಗೆ ಸಾಬ್ರ ಮೇಲೆ ದ್ವೇಷ ಇಲ್ಲ. ಆದ್ರೆ ಇಡೀ ಡಬ್ಬಿ ಒಬ್ಬರಿಗೇ ಸುರಿದ್ರೆ ನಾಳೆ ನಮ್ಮನೇಲಿ ಯಾರಿಗಾದ್ರೂ ಆದಾಗ ಏನ್ಮಾಡೋಣ?"

"ನೆಗಡಿಗೆ ಡಬ್ಬಿ ಯಾಕೆ ಬೇಕು ಸಾಹುಕಾರ್ರೇ? ನೆಗಡಿಗೆ ನಾವೇ ಕೊಟ್ಕೋಬಹುದು. ಒಬ್ಬನ ಕೈಲಿ ಆಗ್ದೇ ಇರೋದು ಬಂದಾಗ ಇರ್ಲಿ ಅಂತಲೇ ಅಲ್ವಾ ಇದನ್ನ ಮಾಡಿದ್ದು? ಅವ್ರ ಕೆಮ್ಮು ವಾಸಿಯಾಗ್ದೇ ಇದ್ರೆ ಅದು ಅವ್ರ ಮನೇಲೇ ಇರುತ್ತಾ? ನಿಮ್ಮ ಮಂಡಿ ಲಾರಿ ನಿಲ್ಲೋದೂ ಅಲ್ಲೇ."

"ಅದೆಲ್ಲ ಸರಿ. ನಾಳೆಗೆ ಏನು? ಅದಕ್ಕೆ ಉತ್ತರ ಹೇಳು."

ಹಾಲಪ್ಪನವರು ಬೆರಳು ಮಡಿಸುತ್ತ ಲೆಕ್ಕ ಹಾಕತೊಡಗಿ, ಅರ್ಧಕ್ಕೇ ಬಿಟ್ಟರು. ಸಾಹುಕಾರರ ಪ್ರಶ್ನೆಯಲ್ಲಿ ಹುರುಳಿತ್ತು; ಅದು ನನಗೂ ಗೊತ್ತಿತ್ತು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ನೀಲಮ್ಮನವರು ಬಾಯಿಬಿಟ್ಟರು.

"ದೀಪಾವಳಿವರ್ಗೂ ಯಾರಿಗೂ ಟಾನಿಕ್ ಬೇಡ, ಶಕ್ತಿ ಸೂಜಿ ಬೇಡ. ಟಾನಿಕ್ ಕುಡೀದೇ ಸತ್ತೋರನ್ನ ನಾನು ಕಂಡಿಲ್ಲ. ಡಾಕ್ಟ್ರಮ್ಮ ಅರ್ಧ ಸಂಬಳ ತಗೊಳ್ಲಿ, ಎರಡು ಹೊತ್ತು ಊಟ ನಮ್ಮನೇಲಿ ಮಾಡ್ಲಿ. ಹೇಗೂ ಅವ್ರಿಗೆ ಅಡುಗೆ ಬರಲ್ಲ."

ಬೀದಿ ನಕ್ಕಿತು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಒಪ್ಪಿದೆನೆಂದೇ ತೀರ್ಮಾನವಾಯಿತು. ಗುರುಶಾಂತಪ್ಪನವರು ಎದ್ದು ಶಲ್ಯ ಕೊಡವಿಕೊಂಡು ಹೋದರು. ಅವರ ಹಿಂದೆ ಇನ್ನೂ ಕೆಲವು ಮನೆಗಳು ಬಿಟ್ಟುಹೋದವು.

ಉಳಿದವರನ್ನು ಕಟ್ಟಿಕೊಂಡು ಹಾಲಪ್ಪನವರು ಮಾಡಿದ ಸಾಹಸ ಒಂದಿದೆ. ಬಸ್ ಸ್ಟ್ಯಾಂಡಿನ ಕಡೆ ಒಂದು ದೊಡ್ಡ ಔಷಧಿ ಅಂಗಡಿಯಿತ್ತು. ಅಲ್ಲಿಗೆ ನಿಂಗಪ್ಪನನ್ನು ಮುಂದಿಟ್ಟುಕೊಂಡು ಹತ್ತು ಹನ್ನೆರಡು ಜನರ ದಂಡು ಹೊರಟಿತು. ಔಷಧಿಯ ಹೆಸರು ಸರಿಯಾಗಿ ಹೇಳಲೆಂದು ನಾನೂ ಹೋಗಿದ್ದೆ. ಅಂಗಡಿಯವನು ಜಗಳವೆಂದುಕೊಂಡು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದ.

"ಹೆದ್ರಬೇಡಿ ಸ್ವಾಮಿ. ಇಷ್ಟು ಜನ ಅಲ್ಲ, ಒಬ್ಬನೇ ಗಿರಾಕಿ ಅಂದ್ಕೊಳ್ಳಿ," ಎಂದರು ಹಾಲಪ್ಪನವರು. "ಇನ್ಮೇಲೆ ನಮ್ಮ ಬೀದಿಯ ಪ್ರತಿಯೊಂದು ಮಾತ್ರೇನೂ ನಿಮ್ಮಲ್ಲೇ. ಇಲ್ಲಾಂದ್ರೆ ಒಂದೂ ಇಲ್ಲ. ಈಗ ಬೆಲೆ ಹೇಳಿ."

ಅವನು ಹೇಳಿದ. ಹಾಲಪ್ಪನವರು ನಿಂಗಪ್ಪನ ಕಡೆ ನೋಡಿದರು. ನಿಂಗಪ್ಪ ಯಾಕೋ ಆಕಳಿಸಿ ಮೈಮುರಿದ. ಬೆಲೆ ಇಳಿಯಿತು. ಇಳಿದದ್ದು ಪೈಲ್ವಾನನ ತೋಳಿಗೆ ಹೆದರಿಯೋ ಬೀದಿಯ ವ್ಯಾಪಾರದ ಆಸೆಗೋ, ನನಗೆ ಇಂದಿಗೂ ಅನುಮಾನ. ಹಾಲಪ್ಪನವರಿಗೆ ಅನುಮಾನವೇ ಇರಲಿಲ್ಲ. "ಒಬ್ಬೊಬ್ರೇ ಹೋದ್ರೆ ಅವ್ನು ಹೇಳಿದ್ದು ಬೆಲೆ. ಎಲ್ಲಾರ ದುಡ್ಡೂ ಒಂದೇ ಜೇಬಿಂದ ಬಂದ್ರೆ ನಾವು ಹೇಳಿದ್ದು ಬೆಲೆ," ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ಆ ಹುರುಪಿನಲ್ಲಿ ಮಾರನೆಯ ದಿನ ಕ್ಷೌರದಂಗಡಿಗೂ ಇದೇ ದಂಡನ್ನು ಕರೆದೊಯ್ದರಂತೆ. ಕ್ಷೌರಿಕ ಕತ್ತಿ ಮಸೆಯುತ್ತ, "ಒಂದೇ ಗಿರಾಕಿ ಅಂದ್ರೆ ಒಂದೇ ತಲೆ ಬೋಳಿಸ್ತೀನಿ" ಎಂದದ್ದರಿಂದ ಆ ಮಾತುಕತೆ ಮುರಿದುಬಿತ್ತು.

ಬಾಷಾ ಸಾಹೇಬರಿಗೆ ಚುಚ್ಚುಮದ್ದು ಶುರುವಾಯಿತು. "ನಾನು ಗಾಡಿಗೆ ಗ್ರೀಸ್ ಹೊಡೆದ ಹಾಗೆ ನೀವು ನನಗೆ ಹೊಡೀತಾ ಇದ್ದೀರಿ ಡಾಕ್ಟ್ರಮ್ಮ," ಎನ್ನುತ್ತಿದ್ದರು. ಅವರ ಮನೆಗೆ ಹಾಲು ಮೊಟ್ಟೆಗೆಂದು ಡಬ್ಬಿಯಿಂದ ಸ್ವಲ್ಪ ಹೋಗುತ್ತಿತ್ತು. ಮೊಟ್ಟೆಯ ಖರ್ಚನ್ನು ನೀಲಮ್ಮನವರು "ಹಾಲು" ಎಂದೇ ಕರೆಯುತ್ತಿದ್ದರು; ದೇವರ ಮನೆಯಲ್ಲಿಟ್ಟ ಡಬ್ಬಿಗೆ ಮೈಲಿಗೆಯಾಗಬಾರದಲ್ಲ. ನೀಲಮ್ಮನವರ ರೊಟ್ಟಿ ಊಟದಿಂದ ನಾನು ದಪ್ಪಗಾದೆ, ಬಾಷಾ ಸಾಹೇಬರೂ ನಿಧಾನವಾಗಿ ದಪ್ಪಗಾದರು. ಮುಂದಿನ ಬೇಸಿಗೆಯ ಹೊತ್ತಿಗೆ ಅವರು ಗ್ಯಾರೇಜಿನ ಬಾಗಿಲು ತೆಗೆದ ದಿನ ಹಾಲಪ್ಪನವರು ಅಲ್ಲೇ ಟೈರಿನ ಮೇಲೆ ಕೂತು, ಸುತ್ತಿಗೆಯ ಸದ್ದು ಕೇಳುತ್ತ, ಸಂಜೆಯವರೆಗೂ ಮನೆಗೆ ಬರಲಿಲ್ಲ.

ಮುಂದಿನ ವರ್ಷಗಳಲ್ಲಿ ಅಮಲ್ದಾರರು ತೀರಿಕೊಂಡರು, ಇನ್ನು ಕೆಲವರು ಬೇರೆ ಕಡೆ ಮನೆ ಮಾಡಿದರು. ಹಾಲಪ್ಪನವರಿಗೂ ಎದೆನೋವು ಕಾಣಿಸಿಕೊಂಡಿತು. ಅವರ ಮಗ ಭದ್ರಾವತಿಯ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ. ತಂದೆತಾಯಿಗೂ ಅಲ್ಲಿನ ಆಸ್ಪತ್ರೆಯಲ್ಲಿ ನೋಡುತ್ತಾರೆಂದು ಕ್ವಾರ್ಟರ್ಸಿಗೆ ಬರಲು ಹಟ ಹಿಡಿದ. ಹಾಲಪ್ಪನವರು ಒಂದು ವರ್ಷ ಹೋಗಲೊಲ್ಲದೆ ಕಳೆದರು. ಡಬ್ಬಿ ಮನೆಯಲ್ಲಿಲ್ಲದೆ ನಿದ್ದೆ ಬರುವುದಿಲ್ಲ ಎಂದರು. ಕೊನೆಗೆ ನೀಲಮ್ಮನವರು, "ನಿಮ್ಮ ಎದೆಗೆ ಈ ಬೀದಿ ಡಬ್ಬಿ ಸಾಲಲ್ಲ, ನಡೀರಿ" ಎಂದು ಎಬ್ಬಿಸಿಕೊಂಡು ಹೋದರು. ಆ ಮಾತು ಅವರನ್ನು ಚುಚ್ಚಿತೆಂದು ಕಾಣುತ್ತದೆ.

ಅವರು ಹೋದ ಮೇಲೆ ಡಬ್ಬಿ ನನ್ನ ಮೇಜಿಗೆ ಬಂತು. ಕೇಳಿ ವಸೂಲು ಮಾಡುವ ಕಲೆ ನನಗಿರಲಿಲ್ಲ, ಕುತ್ತಿಗೆಯ ಮಾತು ನನ್ನ ಬಾಯಲ್ಲಿ ಹೊಂದುತ್ತಿರಲಿಲ್ಲ. ಒಂದು ಚೌತಿ ಹಬ್ಬದ ಹೊತ್ತಿಗೆ ಅದು ತಾನಾಗಿಯೇ ನಿಂತಿತು. ಬೀದಿಯವರು ಮತ್ತೆ ಒಬ್ಬೊಬ್ಬರೇ ಫೀಸು ಕೊಡತೊಡಗಿದರು, ಕೊಡಲಾಗದವರು ಬರುವುದನ್ನು ಕಡಿಮೆ ಮಾಡಿದರು.

ಕೊನೆಯ ಸಲ ಅವರನ್ನು ಕಂಡದ್ದು ಭದ್ರಾವತಿಯಲ್ಲಿ, ಆ ಆಸ್ಪತ್ರೆಯ ಮಹಡಿಯ ವಾರ್ಡಿನಲ್ಲಿ. ಬಾಷಾ ಸಾಹೇಬರು ತಾವು ರಿಪೇರಿ ಮಾಡಿದ ಲಾರಿಯೊಂದರಲ್ಲಿ ನನ್ನನ್ನು ಕರೆದೊಯ್ದರು. ಹಾಲಪ್ಪನವರು ಬಿಳಿಯ ಹಾಸಿಗೆಯ ಮೇಲೆ ಮಾವನ ಮನೆಗೆ ಬಂದ ಅಳಿಯನಂತೆ ಒರಗಿದ್ದರು. ಮೈ ಇಳಿದಿತ್ತು, ಠೀವಿ ಇಳಿದಿರಲಿಲ್ಲ. ನರ್ಸನ್ನು ಕರೆದು, "ಇವ್ರು ನಾವು ಸಂಬಳ ಕೊಟ್ಟು ಇಟ್ಕೊಂಡಿದ್ದ ಡಾಕ್ಟ್ರು" ಎಂದು ಪರಿಚಯ ಮಾಡಿಸಿದರು. ಬಾಷಾ ಸಾಹೇಬರನ್ನು ತೋರಿಸಿ, "ಇವ್ರು ನಮ್ಮನ್ನ ಮುಳುಗಿಸಕ್ಕೆ ನೋಡಿದ್ರು" ಎಂದರು.

ಡಬ್ಬಿಯ ಸುದ್ದಿ ಕೇಳಿದರು. ನಿಂತುಹೋಯಿತೆಂದು ಹೇಳಿದೆ. ಅವರು ಕಿಟಕಿಯ ಕಡೆ ನೋಡಿದರು.

"ನಾಳೆಗೆ ಏನು ಅಂತ ಸಾಹುಕಾರ್ರು ಕೇಳಿದ್ದು ಸರಿ ಇತ್ತು ಡಾಕ್ಟ್ರಮ್ಮ. ನನಗೆ ಆವತ್ತು ಹೊಳೀಲಿಲ್ಲ. ಬೀದಿ ಚಿಕ್ಕದಾಯ್ತು. ಒಬ್ಬಂಗೆ ದೊಡ್ಡ ಕಾಯಿಲೆ ಬಂದ್ರೆ ಬೀದಿಗೆ ಬೀದೀನೇ ಅಲ್ಲಾಡುತ್ತೆ. ಊರೇ ಸೇರ್ಬೇಕಿತ್ತು. ಊರೂ ಸಾಲ್ದೇನೋ, ದೇಶಾನೇ ಸೇರ್ಬೇಕೇನೋ."

"ದೇಶದ ಡಬ್ಬಿ ಯಾರ ದೇವರ ಮನೇಲಿ ಇಡ್ತೀರಾ?" ಎಂದೆ.

"ನೀಲಮ್ಮಂಗೆ ವಯಸ್ಸಾಯ್ತು," ಎಂದು ನಕ್ಕರು. ಪಕ್ಕದಲ್ಲಿ ಕಿತ್ತಳೆ ಬಿಡಿಸುತ್ತಿದ್ದ ನೀಲಮ್ಮನವರು ನಗಲಿಲ್ಲ. ಒಂದು ತೊಳೆ ಅವರ ಕೈಗೆ ಕೊಟ್ಟರು, ಇನ್ನೊಂದನ್ನು ಕೊಡದೆ ಹಾಗೇ ಹಿಡಿದುಕೊಂಡು ಕುಳಿತರು.

ನಾವು ಹೊರಗೆ ಬರುವ ಹೊತ್ತಿಗೆ ಎದುರಿನ ಕಾರ್ಖಾನೆಯಲ್ಲಿ ಪಾಳಿ ಬಿಟ್ಟಿತು. ಸೈರನ್ ಕೂಗಿ, ದೊಡ್ಡ ಗೇಟು ತೆರೆದು, ಸೈಕಲ್ಲುಗಳು ಹೊರಬಂದವು. ಒಂದರ ಹಿಂದೊಂದು, ರಸ್ತೆ ತುಂಬ, ಕನ್ನಡ ತಮಿಳು ತೆಲುಗು ಎಲ್ಲ ಬೆರೆತು ಮಾತಾಡುತ್ತ, ಟಿಫನ್ ಕ್ಯಾರಿಯರ್ ಅಲ್ಲಾಡಿಸುತ್ತ. ಲಾರಿ ದಾಟಲು ಜಾಗವೇ ಇರಲಿಲ್ಲ. ಬಾಷಾ ಸಾಹೇಬರು ಎಂಜಿನ್ ನಿಲ್ಲಿಸಿದರು. ಆ ಜನರಲ್ಲಿ ಹೆಚ್ಚಿನವರು ಹಾಲಪ್ಪನವರನ್ನು ಕಂಡವರೂ ಅಲ್ಲ, ಅವರ ಹೆಸರು ಕೇಳಿದವರೂ ಅಲ್ಲ. ಬೆವರು ಒರೆಸಿಕೊಂಡು ಮನೆ ಮುಟ್ಟುವ ಅವಸರದಲ್ಲಿದ್ದರು. ಮೇಲೆ ವಾರ್ಡಿನಲ್ಲಿ ಮಲಗಿದ್ದ ಮುದುಕನನ್ನು ಅವರೆಲ್ಲ ಸೇರಿ ನೋಡಿಕೊಳ್ಳುತ್ತಿದ್ದಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬಾಷಾ ಸಾಹೇಬರು ಸ್ಟಿಯರಿಂಗ್ ಮೇಲೆ ಕೈಯಿಟ್ಟು ಅವರನ್ನೇ ನೋಡುತ್ತಿದ್ದರು. "ಹೋಗ್ಲಿ ಡಾಕ್ಟ್ರಮ್ಮ," ಎಂದರು. "ಎಲ್ಲಾರೂ ಹೋಗ್ಲಿ ಮೊದ್ಲು."

ಕೊನೆಯ ಸೈಕಲ್ಲು ದಾಟುವವರೆಗೂ ನಾವು ಅಲ್ಲೇ ಇದ್ದೆವು. ಹಾಲಪ್ಪನವರು ಆ ವಾರವೇ ತೀರಿಕೊಂಡರು.